ತೊಳೆದರೂ ಹೋಗದ ಕಲೆ

ಶವಪೆಟ್ಟಿಗೆಯ ಮುಚ್ಚಳ ಅರ್ಧ ಮುಚ್ಚಿತ್ತು. ಅಷ್ಟರಲ್ಲಿ ದರ್ಜಿ ಕೈ ಅಡ್ಡ ಹಿಡಿದ. ಬಾಗಿಲಲ್ಲಿ ಕೋಲೂರಿಕೊಂಡು ನಿಂತಿದ್ದವರು ಅವನ ಹೆಂಡತಿ ಮೂವತ್ತು ವರ್ಷ ದುಡಿದ ಖಗೋಳ ವೀಕ್ಷಣಾಲಯದ ಅಂದಿನ ದೊಡ್ಡ ಸಾಹೇಬರು.

ಏದುಸಿರು ಬಿಡುತ್ತಲೇ ಬಂದು ಪೆಟ್ಟಿಗೆಯಲ್ಲಿದ್ದ ಅವಳ ಮುಖ ನೋಡಿದರು. ಆಮೇಲೆ ದರ್ಜಿಯನ್ನು ಪಕ್ಕಕ್ಕೆ ಕರೆದು, "ಆ ಗ್ಯಾಲಕ್ಸಿ ಸಿಕ್ಕಿದ್ದು ಹೇಗೆ ಅಂತ ಇವರು ಮನೇಲಿ ಹೇಳಿದ್ರಾ?" ಎಂದು ಮೆಲ್ಲಗೆ ಕೇಳಿದರು.

ಹೇಳದೆ ಏನು? ಮದುವೆಮನೆ, ಹಾಲಿನ ಅಂಗಡಿ, ಎಲ್ಲ ಕಡೆ ಹೇಳಿದ್ದಳು. ಹೇಳಿದಾಗಲೆಲ್ಲ ಮೊದಲು ನಗುತ್ತಿದ್ದವನು ದರ್ಜಿಯೇ.

* * *

ಆಕಾಶದ ಫೋಟೊ ಮೂಡಿದ ಗಾಜಿನ ಪ್ಲೇಟುಗಳನ್ನು ತೊಳೆದು ಒಣಗಿಸುವುದು ಅವಳ ಕೆಲಸ. ಒಂದು ಬೆಳಿಗ್ಗೆ ಒಂದರ ಮೂಲೆಯಲ್ಲಿ ಸಾಸಿವೆಯಷ್ಟು ಮಸುಕು ಕಲೆ ಕಂಡಿತು. ಮೂರು ಸಲ ತೊಳೆದಳು, ಹೋಗಲಿಲ್ಲ. ತಪ್ಪು ತನ್ನ ತಲೆಗೆ ಬರುತ್ತದೆಂದು ಹೆದರಿ, ಆಕಾಶದ ಅದೇ ಭಾಗದ ಹಳೆಯ ಪ್ಲೇಟನ್ನು ಕಪಾಟಿನಿಂದ ತೆಗೆದು ನೋಡಿದಳು. ಅಲ್ಲೂ ಅದೇ ಜಾಗದಲ್ಲಿ ಅದೇ ಕಲೆ. ಎರಡಕ್ಕೂ ಶಾಯಿಯಲ್ಲಿ ಸುತ್ತು ಹಾಕಿ ಸಾಹೇಬರ ಮೇಜಿನ ಮೇಲಿಟ್ಟಳು.

ಗಾಜಿಗೆ ಶಾಯಿ ಬಳಿದದ್ದಕ್ಕೆ ಸಾಹೇಬರು ಬೈದರು. ಬೈಯುತ್ತಲೇ ಭೂತಗನ್ನಡಿ ಹಿಡಿದವರು ಎರಡೂ ಪ್ಲೇಟುಗಳನ್ನು ಕಿಟಕಿಯ ಬೆಳಕಿಗೆ ಒಯ್ದರು. ಕೋಟ್ಯಂತರ ಜ್ಯೋತಿರ್ವರ್ಷ ಆಚೆ ಸುರುಳಿ ಸುತ್ತಿಕೊಂಡು ಕುಳಿತಿದ್ದ, ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದ ಗ್ಯಾಲಕ್ಸಿ ಅದು.

ಪತ್ರಿಕೆಯಲ್ಲಿ ಬಂದದ್ದು ಸಾಹೇಬರ ಹೆಸರು ಮಾತ್ರ. ದರ್ಜಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ನಿನ್ನ ಹೆಸರು ಎಲ್ಲೇ, ಗ್ಯಾಲಕ್ಸಿ?" ಎಂದ. ಅಂದಿನಿಂದ ಅವಳಿಗೆ ಅದೇ ಅಡ್ಡಹೆಸರಾಯಿತು. ಅವಳೂ ನಗುತ್ತಿದ್ದಳು, ಆದರೆ ತನ್ನ ಮಾತಿನಲ್ಲಿ ಒಂದಕ್ಷರವನ್ನೂ ಬದಲಿಸಲಿಲ್ಲ.

* * *

"ಕಂಡುಹಿಡಿದದ್ದು ಅವರೇ," ಎಂದರು ಸಾಹೇಬರು. "ಪ್ಲೇಟು ತೊಳೆಯೋರ ಹೆಸರು ಯಾಕೆ ಅಂತ ನಾನೇ ಬರೀಲಿಲ್ಲ. ತಪ್ಪಾಯ್ತು."

ದರ್ಜಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ನಾಚಿಕೆ. ಈ ಮನುಷ್ಯ ಒಂದು ಹೆಸರು ಬಿಟ್ಟಿದ್ದರು, ಅಷ್ಟೇ. ತಾನು ನಲವತ್ತು ವರ್ಷ ನಂಬದೆ ಅವಳ ಪಕ್ಕದಲ್ಲೇ ಮಲಗಿದ್ದ. ಅಷ್ಟು ಪ್ರೀತಿಸಿಯೂ ನಂಬಿರಲಿಲ್ಲ.

"ನನ್ನ ಕಿವೀಲಿ ಹೇಳಿದ್ರೆ ಏನು ಬಂತು ಸಾರ್?" ಎಂದ. "ಇಲ್ಲಿರೋರೆಲ್ಲ ನನ್ನ ಜೊತೆ ಸೇರಿ ನಕ್ಕೋರೇ. ಅವಳ ಪಕ್ಕ ನಿಂತು ಹೇಳಿ. ಜೋರಾಗಿ ಹೇಳಿ."

ಮಗಳು, ನಾದಿನಿ, ಹೊರಲು ಬಂದ ನಾಲ್ವರು, ಎಲ್ಲರೂ ತಿರುಗಿದರು. ಸಾಹೇಬರು ಪೆಟ್ಟಿಗೆಯ ಅಂಚು ಹಿಡಿದು, ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ದರ್ಜಿ ಎಲ್ಲರಿಗಿಂತ ಮುಂದೆ ಹೋಗಿ, ನೋಯುವ ಮಂಡಿಗಳನ್ನು ಮಡಚಿ, ಬರಿ ನೆಲದ ಮೇಲೆ ಕೈಕಟ್ಟಿ ಕುಳಿತ.