ಹಾಲು ಸರಿಸಿದ ಕೈ

ತೆರೆಯ ಮೇಲೆ ಮಹದೇವು ಹೆಂಡತಿಯ ಮುಡಿ ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದಾಗ ಹಿಂದಿನ ಸಾಲಿನಲ್ಲಿ ಯಾರೋ "ಭೇಷ್!" ಎಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ಚಾಮುಂಡಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆ ಹೆಂಡತಿ ಅವಳೇ. ಪಕ್ಕದ ಕುರ್ಚಿಯಲ್ಲಿ ಇಸ್ತ್ರಿ ಅಂಗಿ ತೊಟ್ಟು ಮೀಸೆ ತಿರುವುತ್ತ ಕೂತಿದ್ದ ಪೈಲ್ವಾನನೇ ಮಹದೇವು.

ಮೈಸೂರಿನ ಚಿತ್ರಸಮಾಜದವರು ಭಾನುವಾರ ಬೆಳಿಗ್ಗೆ ಸೇರುತ್ತಿದ್ದರು. ಮರ ಸುತ್ತಿ ಹಾಡುವ ಸಿನಿಮಾ ಎಂದರೆ ಮೂಗು ಮುರಿಯುವ ಮೇಷ್ಟರುಗಳು, ವಕೀಲರು, ಬ್ಯಾಂಕಿನ ಒಂದಿಬ್ಬರು. ಹಾಡಿಲ್ಲದ, ಕುಣಿತವಿಲ್ಲದ, ಬಹುಮಟ್ಟಿಗೆ ಮಾತೂ ಇಲ್ಲದ ಚಿತ್ರಗಳನ್ನು ಬಾಡಿಗೆ ಪ್ರೊಜೆಕ್ಟರಿನಲ್ಲಿ ನೋಡಿ, ಆಮೇಲೆ ದೀಪ ಹಾಕಿ, ಒಬ್ಬೊಬ್ಬರೇ ಎದ್ದು ಅಭಿಪ್ರಾಯ ಹೇಳಬೇಕು. ಯಾವುದಾದರೂ ದೃಶ್ಯದ ಬಗ್ಗೆ ಜಗಳ ಹತ್ತಿದರೆ ಆ ರೀಲನ್ನು ಮತ್ತೆ ಓಡಿಸಿ ನೋಡುವ ಪದ್ಧತಿಯೂ ಇತ್ತು. ಸಿನಿಮಾ ನೋಡಿ ಸುಮ್ಮನೆ ಮನೆಗೆ ಹೋಗಿ ಉಣ್ಣುವ ಜನಕ್ಕಿಂತ ತಾವು ಒಂದು ಕೈ ಮೇಲು ಎಂದು ಅವರಿಗಿತ್ತು. ಇರಲಿ ಬಿಡಿ.

ಇವತ್ತಿನ ಚಿತ್ರ ಮಾಡಿದವನು ಕೃಷ್ಣಮೂರ್ತಿಪುರಂನ ಲಕ್ಷ್ಮೀನರಸಿಂಹ. ತಾತ ಅರಮನೆಯ ಚಾಕರಿಯಲ್ಲಿ ಗಳಿಸಿದ್ದನ್ನು ಮೊಮ್ಮಗ ಕ್ಯಾಮೆರಾಕ್ಕೆ ಸುರಿದಿದ್ದ. ನಟರು ಬೇಡ, ನಿಜವಾದ ಜನ, ನಿಜವಾದ ಮನೆ ಬೇಕು ಎಂದು ಕೊಪ್ಪಲಿಗೆ ಬಂದು, ಮಹದೇವು ಇದ್ದ ಒಂದಂಕಣದ ಮನೆಯನ್ನೇ ಆರಿಸಿದ. ಗಂಡ ಹೆಂಡತಿಯನ್ನು ಬಡಿಯುವ ದೃಶ್ಯಕ್ಕೆ "ಹೊಡೆದ ಹಾಗೆ ಮಾಡಿ, ಸಾಕು" ಎಂದಿದ್ದ. ಕ್ಯಾಮೆರಾ ತಿರುಗಿದ ಮೇಲೆ ಮಹದೇವು ಹೊಡೆದ ಹಾಗೆ ಮಾಡಲಿಲ್ಲ, ಹೊಡೆದ. ಲಕ್ಷ್ಮೀನರಸಿಂಹ ನಿಲ್ಲಿಸು ಎನ್ನಲಿಲ್ಲ. ಮಾರನೆಯ ದಿನ ಸೇಬಿನ ಹಣ್ಣು ತಂದು, ಅವಳ ಊದಿದ ಮುಖ ನೋಡಿ, "ತುಂಬಾ ಸಹಜವಾಗಿ ಬಂದಿದೆ ಕಣಮ್ಮ" ಎಂದು ಹೇಳಿ ಹೋದ. ಅವನ ಬಾಯಿಗೆ ಹುಳ ಬೀಳ!

ಚಾಮುಂಡಮ್ಮ ಮಾತ್ರ ಗಂಡನನ್ನು ಕೆಟ್ಟವನೆಂದುಕೊಂಡಿರಲಿಲ್ಲ. ಪ್ರತಿ ಸಲ ಹೊಡೆದ ಮೇಲೂ ಆ ಆನೆಯಂಥ ಆಳು ಅವಳ ಕಾಲು ಹಿಡಿದು ಗೊಳೋ ಎಂದು ಅಳುತ್ತಿದ್ದ. "ಸಿಟ್ಟು ಬಂದ್ಬುಟ್ರೆ ನಂಗೆ ಕಣ್ಣೇ ಕಾಣಾಕಿಲ್ಲ ಕಣೆ. ಮೈಮೇಲೆ ಯಾರೋ ಬಂದಂಗಾಯ್ತದೆ." ಅವಳು ನಂಬಿದ್ದಳು. ಎಡಗಿವಿ ಮಂದವಾದಾಗಲೂ ನಂಬಿದಳು, ಬಸಿರು ಇಳಿದುಹೋದಾಗಲೂ ನಂಬಿದಳು. ಕಣ್ಣು ಕಾಣದವನ ಮೇಲೆ ಹಗೆ ಸಾಧಿಸುವುದು ಹೇಗೆ? ಈಗ ಮತ್ತೆ ಹೊಟ್ಟೆಯಲ್ಲಿ ಒಂದು ಜೀವ ನಿಂತಿತ್ತು. ಇದಾದರೂ ಉಳಿಯಲಿ, ಇವರಿಗೆ ಸಿಟ್ಟು ಬಾರದಿರಲಿ ಎಂದು ಬೆಟ್ಟದ ತಾಯಿಗೆ ಹರಕೆ ಹೊತ್ತಿದ್ದಳು.

ದೀಪ ಹತ್ತಿತು. ವಕೀಲರೊಬ್ಬರು ಎದ್ದು ಪೈಲ್ವಾನರ ಅಭಿನಯ ಅಮೋಘ ಎಂದರು. ಚಪ್ಪಾಳೆ ಬಿತ್ತು. ಇನ್ನೊಬ್ಬರು ಎದ್ದು, "ಹೆಂಡತಿ ಪಾತ್ರ ಸಪ್ಪೆ ಕಣ್ರೀ. ಅಷ್ಟು ಏಟು ಬಿದ್ದರೂ ಕೂಗೋದೇ ಇಲ್ಲ. ನಂಬೋ ಹಾಗಿಲ್ಲ" ಎಂದರು. ಮಹದೇವು ಮೊಣಕೈಯಿಂದ ಹೆಂಡತಿಯನ್ನು ತಿವಿದು, "ಕೇಳಿಸ್ಕಂಡಾ?" ಎಂದು ನಕ್ಕ.

ಕೊನೆಗೆ ಎದ್ದವರು ಸುಂದರೇಶ, ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಯಾವ ಚಿತ್ರವನ್ನೂ ಒಳ್ಳೆಯದೆಂದ ಜನ್ಮವಲ್ಲ ಅದು.

"ಎಲ್ಲಾ ಸರಿ, ಆದರೆ ಒಂದು ದೊಡ್ಡ ತಪ್ಪಿದೆ" ಎಂದರು. "ಹೊಡೆಯೋಕೆ ಮುಂಚೆ ಈತ ಒಲೆ ಮೇಲಿದ್ದ ಹಾಲಿನ ತಪ್ಪಲೆಯನ್ನ ಬಟ್ಟೆಯಲ್ಲಿ ಹಿಡಿದು ಇಳಿಸಿ, ಜೋಪಾನವಾಗಿ ಮೂಲೆಗೆ ಸರಿಸ್ತಾನೆ. ಆಮೇಲೆ ಹೊಡೀತಾನೆ. ಸಿಟ್ಟು ನೆತ್ತಿಗೇರಿದವನು ಹಾಲು ಚೆಲ್ಲೀತು ಅಂತ ಯೋಚನೆ ಮಾಡ್ತಾನೇನ್ರೀ? ಈ ಮನುಷ್ಯನಿಗೆ ಸಿಟ್ಟೇ ಬಂದಿಲ್ಲ. ನಿರ್ದೇಶಕರು ಎಡವಿದ್ದಾರೆ."

ಲಕ್ಷ್ಮೀನರಸಿಂಹ ಕೆಂಪಗಾಗಿ ಎದ್ದ. "ನಾನು ಹೇಳಿಕೊಟ್ಟಿದ್ದಲ್ಲ ಸ್ವಾಮಿ. ಅವರಾಗಿ ಅವರೇ ಮಾಡಿದ್ದು."

ಸಭೆ ಎರಡು ಪಾಲಾಗಿ ಕಿತ್ತಾಡತೊಡಗಿತು. ಆ ಗದ್ದಲದಲ್ಲಿ ಚಾಮುಂಡಮ್ಮ ಎದ್ದು ನಿಂತದ್ದನ್ನು ಮೊದಲು ಯಾರೂ ಗಮನಿಸಲಿಲ್ಲ.

"ಇನ್ನೊಂದ್ಸಲ ತೋರ್ಸಿ" ಎಂದಳು.

"ಕೂತ್ಕೊಳ್ಳೇ" ಎಂದು ಮಹದೇವು ಸೆರಗು ಜಗ್ಗಿದ. ಅವಳು ಕೂರಲಿಲ್ಲ. ಪದ್ಧತಿ ಪದ್ಧತಿಯೇ, ದೀಪ ಆರಿಸಿ ಆ ರೀಲನ್ನು ಮತ್ತೆ ಓಡಿಸಿದರು.

ಈ ಸಲ ಅವಳು ಮುಖ ಮುಚ್ಚಿಕೊಳ್ಳಲಿಲ್ಲ. ತೆರೆಯ ಮೇಲಿನ ಚಾಮುಂಡಮ್ಮ ಮೂಲೆಯಲ್ಲಿ ತಲೆಯ ಮೇಲೆ ಕೈಯಿಟ್ಟು ಮುದುಡಿದ್ದಳು. ಮನೆಯಲ್ಲಿ ಅವಳು ಯಾವತ್ತೂ ಹಾಗೇ ಮುದುಡುತ್ತಿದ್ದದ್ದು, ಹಾಗಾಗಿ ಅದರಾಚೆಯದು ಏನೂ ಕಂಡಿರಲಿಲ್ಲ. ಈಗ ಕಂಡಿತು. ಮಹದೇವು ಬಟ್ಟೆ ಹುಡುಕಿದ. ತಪ್ಪಲೆಯನ್ನು ಎರಡೂ ಕೈಯಲ್ಲಿ ಹಿಡಿದು ಇಳಿಸಿದ. ಅದು ಅವನದೇ ಹಾಲು, ಬಾದಾಮಿ ಅರೆದು ಹಾಕಿ ಗಟ್ಟಿಯಾಗಿ ಕಾಯಿಸಿದ ಪೈಲ್ವಾನನ ಹಾಲು. ಮೇಲೆ ತಟ್ಟೆ ಮುಚ್ಚಿದ. ಕೈ ಒರೆಸಿಕೊಂಡ. ಆಮೇಲೆ ಅವಳನ್ನು ಮೇಲಿನಿಂದ ಕೆಳಗೆ ನೋಡಿ, ಎಲ್ಲಿ ಹೊಡೆಯಲಿ ಎಂದು ಜಾಗ ಆರಿಸಿಕೊಂಡ. ಕಣ್ಣು ಕಾಣುತ್ತಿತ್ತು ಅವನಿಗೆ. ದೇವರಾಣೆಗೂ ಚೆನ್ನಾಗಿ ಕಾಣುತ್ತಿತ್ತು.

ಆದರೂ ಮನಸ್ಸು ಒಂದು ಆಸೆಯ ಎಳೆ ಬಿಡಲಿಲ್ಲ. ಕ್ಯಾಮೆರಾ ಇತ್ತಲ್ಲ, ಜನ ಇದ್ದರಲ್ಲ, ಅದಕ್ಕೆ ಹಾಗೆ ಮಾಡಿರಬಹುದು ಎಂದುಕೊಂಡಳು. ಮನೆಯಲ್ಲಿ ನೋಡಿಬಿಡೋಣ. ಹಾಲನ್ನು ಲೆಕ್ಕಿಸದೆ ಕುರುಡನಂತೆ ಮೇಲೆ ಬಿದ್ದರೆ ಅದು ಸಿಟ್ಟು. ಇಷ್ಟು ವರ್ಷ ನಂಬಿದ್ದು ಸುಳ್ಳಲ್ಲ.

ದಾರಿಯುದ್ದಕ್ಕೂ ಮಹದೇವು ನಾಲ್ಕು ಹೆಜ್ಜೆ ಮುಂದೆಯೇ ನಡೆದ. ಮನೆಗೆ ಬಂದವಳೇ ಅವಳು ಒಲೆ ಹಚ್ಚಿ ಹಾಲಿಟ್ಟಳು. ಉರಿಗೆಂದು ಕಬ್ಬಿಣದ ಊದುಗೊಳವೆಯನ್ನು ಕೈಯಲ್ಲಿ ಹಿಡಿದು ಕೂತಳು. ಹಾಲು ಕಾದು ಅಂಚಿಗೆ ಬರುತ್ತಿದ್ದ ಹೊತ್ತಿಗೆ ಅವನು ಬಾಗಿಲ ಅಗಳಿ ಹಾಕಿದ.

"ಅಷ್ಟು ಜನ ಗಂಡಸ್ರ ಮುಂದೆ ಎದ್ದು ನಿಂತ್ಕಂಡೇನೇ? ನನ್ನ ಮಾನ ತೆಗ್ದುಬುಟ್ಟೆಯಲ್ಲೇ, ಮುಂಡೇದೇ!"

ಹಲ್ಲು ಕಡಿಯುತ್ತಿದ್ದ, ಕತ್ತಿನ ನರಗಳು ಉಬ್ಬಿದ್ದವು. ಆದರೆ ಇಸ್ತ್ರಿ ಅಂಗಿಯನ್ನು ಬಿಚ್ಚಿ ಗೂಟಕ್ಕೆ ಹಾಕಿದ. ಸುಕ್ಕು ಬೀಳದ ಹಾಗೆ ತೋಳು ಸರಿಮಾಡಿದ. ಚಾಮುಂಡಮ್ಮ ಮುದುಡಲಿಲ್ಲ, ಗೋಡೆಗೆ ಬೆನ್ನು ಕೊಟ್ಟು ಕಣ್ಣು ಬಿಟ್ಟುಕೊಂಡೇ ನಿಂತಳು. ಅವನು ಅವಳ ಹೊಟ್ಟೆಯತ್ತ ಒಮ್ಮೆ ನೋಡಿದ. ಒಲೆಯತ್ತ ತಿರುಗಿದ. ಬಟ್ಟೆ ಹುಡುಕಿ, ಬಗ್ಗಿ, ಎರಡೂ ಕೈಯಲ್ಲಿ ಹಾಲಿನ ತಪ್ಪಲೆ ಎತ್ತಿದ.

ಆಸೆಯ ಆ ಎಳೆ ಹರಿಯಿತು. ಅವಳು ಊದುಗೊಳವೆಯನ್ನು ಎರಡೂ ಕೈಯಲ್ಲಿ ಬೀಸಿ ಅವನ ತಲೆಯ ಹಿಂಭಾಗಕ್ಕೆ ಹೊಡೆದಳು. ತಪ್ಪಲೆ ಮಗುಚಿ ಕುದಿಯುವ ಹಾಲು ಅವನ ಎದೆ, ತೊಡೆಗಳ ಮೇಲೆ ಸುರಿಯಿತು. ಅವನು ಕಿರುಚಿದ ಕಿರುಚಾಟಕ್ಕೆ ಪಕ್ಕದ ಮನೆಯ ತಿಮ್ಮಮ್ಮ ಓಡಿ ಬಂದು ಬಾಗಿಲು ಬಡಿಯತೊಡಗಿದಳು. ಏಳಲು ಹೋದವನ ಮಂಡಿಗೆ ಚಾಮುಂಡಮ್ಮ ಇನ್ನೊಂದು ಕೊಟ್ಟಳು. ಮೂಳೆ ಲಟಕ್ಕೆಂದಿತು. ದಸರಾ ಕುಸ್ತಿಯಲ್ಲಿ ಯಾರೂ ಚಿತ್ ಮಾಡಲಾಗದ ಮಹದೇವು, ತನ್ನ ಹಾಲಿನಲ್ಲಿಯೇ ಬೆನ್ನು ನೆಲಕ್ಕೆ ತಾಗಿಸಿ ಬಿದ್ದಿದ್ದ.

"ಸಾಯ್ತೀನಲ್ಲೇ, ನಿಲ್ಸೇ!" ಎಂದು ಗೋಗರೆದ. "ಅಷ್ಟು ಸಿಟ್ಟೇನೇ ನಿಂಗೆ? ಕಣ್ಣು ಕಾಣಾಕಿಲ್ವೇನೇ?"

"ಕಾಣ್ತದೆ" ಎಂದಳು ಚಾಮುಂಡಮ್ಮ. "ನಿನ್ ಎರಡು ಕೈಲೂ ತಪ್ಪಲೆ ಇರೋದ ನೋಡ್ಕಂಡೇ ಹೊಡ್ದೆ."

ಊದುಗೊಳವೆಯನ್ನು ಒಲೆಯ ಪಕ್ಕ, ಅದರ ಜಾಗದಲ್ಲಿಟ್ಟಳು. ಹೋಗಿ ಬಾಗಿಲು ತೆಗೆದಳು.