ಹಿಂಬಾಗಿಲಿನಿಂದ ಬಂದ ದಾವೆ

ನರ್ಸ್ ಪಾಲೆಟ್ ಇನ್ನು ಮುಂದೆ ಬರುವುದಿಲ್ಲವೆಂಬ ಸುದ್ದಿ ನಮಗೆ ತಿಳಿದದ್ದು ಹಸುಗಳು ಕರು ಹಾಕುವ ಕಾಲದಲ್ಲಿ. ನೆಬ್ರಾಸ್ಕಾದ ಈ ಮರಳುದಿಬ್ಬಗಳ ಸೀಮೆಯಲ್ಲಿ ಆಗ ಯಾರಿಗೂ ಒಂದು ಸುದ್ದಿಯನ್ನು ಕೂತು ಪೂರ್ತಿ ಕೇಳುವಷ್ಟು ಪುರುಸೊತ್ತಿರುವುದಿಲ್ಲ. ಹಿಮ ಕರಗಿ ಕೆಸರಾಗಿರುತ್ತದೆ, ಚೊಚ್ಚಲು ಹಸುಗಳು ಎಲ್ಲೆಂದರಲ್ಲಿ ಮಲಗಿ ನರಳುತ್ತಿರುತ್ತವೆ. ಬೇಲಿಯ ಆಚೆ ನಿಂತಿದ್ದ ಓರಿನ್ ಕುಬಿಕ್, ಮೊಣಕೈವರೆಗೆ ರಕ್ತ ಮಾಡಿಕೊಂಡಿದ್ದ ನನಗೆ ಅದನ್ನು ಹೇಳಿ, ನಾನು ಉತ್ತರ ಕೊಡುವ ಮೊದಲೇ ತನ್ನ ಕೊಟ್ಟಿಗೆಯ ಕಡೆ ನಡೆದಿದ್ದ.

ಓರಿನ್ ಸೈನ್ಯದಲ್ಲಿ ಇಡೀ ಯೌವನ ಕಳೆದು ಬಂದವನು. ಊರಿನವರೆಲ್ಲ ಅವನನ್ನು ಸಾರ್ಜೆಂಟ್ ಎಂದೇ ಕರೆಯುತ್ತೇವೆ, ಹೆಂಡತಿ ಲೋಯಿಸ್ ಕೂಡ. ಲೋಯಿಸ್‌ಗೆ ನರಗಳು ಒಂದೊಂದಾಗಿ ಸೋಲುವ ಕಾಯಿಲೆ. ಕೈಕಾಲು ಆಡುವುದಿಲ್ಲ, ಗಂಟಲಿಗೆ ಕೊಳವೆ ಹಾಕಿದ್ದಾರೆ. ಕೊಳವೆಯ ಬಾಯಿಗೆ ಒಂದು ಪುಟ್ಟ ಮುಚ್ಚಳ ಸಿಕ್ಕಿಸಿದರೆ ಪಿಸುದನಿಯಲ್ಲಿ ಮಾತಾಡುತ್ತಾಳೆ. ತಲೆ ಮಾತ್ರ ಮೊದಲಿನಷ್ಟೇ ಚುರುಕು, ನಾಲಿಗೆ ಮೊದಲಿಗಿಂತ ಚೂಪು. ಕೊಳವೆಯಲ್ಲಿ ಕಫ ಕಟ್ಟಿದಾಗಲೆಲ್ಲ ಯಂತ್ರದಿಂದ ಅದನ್ನು ಎಳೆದು ತೆಗೆಯಬೇಕು. ತಡವಾದರೆ ಉಸಿರು ನಿಲ್ಲುತ್ತದೆ. ಪಾಲೆಟ್ ಬರುತ್ತಿದ್ದದ್ದು ಅದಕ್ಕೆ.

ನಿವೃತ್ತ ಸೈನಿಕನಿಗೂ ಅವನ ಹೆಂಡತಿಗೂ ಜೀವ ಇರುವವರೆಗೆ ಔಷಧೋಪಚಾರ ಸೈನ್ಯದ್ದು ಎಂಬ ಮಾತಿನ ಮೇಲೆ ಓರಿನ್ ಹಾಯಾಗಿದ್ದ. ಈಗ ಆ ಸೈನಿಕ ಆರೋಗ್ಯ ಯೋಜನೆಯ ಕಚೇರಿ, ಎಲ್ಲೋ ದೂರದಲ್ಲಿ ಕೂತು, ಪಾಲೆಟ್ ಮಾಡುತ್ತಿದ್ದದ್ದು ಶುಶ್ರೂಷೆಯಲ್ಲ, ಬರೀ ನೋಡಿಕೊಳ್ಳುವ ಕೆಲಸ ಎಂದು ತೀರ್ಮಾನಿಸಿತು. ಶುಶ್ರೂಷೆಯಾದರೆ ಯೋಜನೆಯ ಹೊಣೆ, ನೋಡಿಕೊಳ್ಳುವುದಾದರೆ ಮನೆಯವರ ಹೊಣೆ. ಮನೆಯವರ ಕೈಯಲ್ಲಿ ಆಗದಿದ್ದರೆ ಮೂರು ಗಂಟೆ ದಾರಿಯ ಪಟ್ಟಣದಲ್ಲಿ ಒಂದು ಶುಶ್ರೂಷಾಲಯವಿತ್ತು, ಅಲ್ಲಿ ಹಾಸಿಗೆ ಖಾಲಿಯಿತ್ತು.

"ಕೈಕಾಲು ಆಡ್ತಿದ್ದಾಗ ನಾನು ನೋಡಿ ಬಂದಿದೀನಿ ಅದನ್ನ. ಕಿಟಕಿ ತೆಗೆದ್ರೆ ಕಾರು ನಿಲ್ಲಿಸೋ ಜಾಗ," ಎಂದಳು ಲೋಯಿಸ್. "ಸಾಯೋದಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಇಲ್ಲೇ ಆಗುತ್ತೆ."

"ಸೈನ್ಯ ತನ್ನವರನ್ನ ಕೈಬಿಡಲ್ಲ ಕಣೇ. ಎಲ್ಲೋ ಕೆಳಗಿನವನು ಎಡವಿದಾನೆ," ಎಂದ ಓರಿನ್.

"ನೀನೂ ಕೆಳಗಿನವನೇ ಅಲ್ವಾ ಸಾರ್ಜೆಂಟ್? ನೀನು ಎಡವಿದಾಗ ಮೇಲಿನವರು ಬಂದು ಎತ್ತಿದ್ರಾ?"

ಓರಿನ್ ವಕೀಲೆ ಗ್ರೆಟಾ ನಿಸೆನ್ ಹತ್ತಿರ ಹೋದ. ಅವಳ ಕಚೇರಿ ದನದ ಮೇವಿನ ಅಂಗಡಿಯ ಪಕ್ಕದಲ್ಲಿದೆ. ಬೇಲಿ, ನೀರು, ದಾರಿ ತಪ್ಪಿದ ಹೋರಿಗಳ ತಕರಾರುಗಳಲ್ಲಿ ಅವಳನ್ನು ಮೀರಿಸುವವರು ಈ ಕೌಂಟಿಯಲ್ಲಿಲ್ಲ. ನಮ್ಮ ಕಡೆ ಹೋರಿ ಯಾರ ಹುಲ್ಲುಗಾವಲಿಗೆ ನುಗ್ಗಿತೋ, ಗೊರಸಿನ ಗುರುತು ಎಲ್ಲಿ ಬಿತ್ತೋ, ವ್ಯಾಜ್ಯ ಅಲ್ಲಿಯದೇ. ಗ್ರೆಟಾ ಅದೇ ಲೆಕ್ಕ ಹಿಡಿದಳು.

"ಲೋಯಿಸ್ ಮಲಗಿರೋದು ಇಲ್ಲಿ, ಉಸಿರು ಕಟ್ಟೋದೂ ಇಲ್ಲಿ. ದಾವೆ ಇಲ್ಲೇ ಹೂಡೋಣ," ಎಂದು ನಮ್ಮ ಕೌಂಟಿ ಕೋರ್ಟಿನಲ್ಲೇ ಹೂಡಿದಳು.

ಕೌಂಟಿಯ ನ್ಯಾಯಾಧೀಶರು ಕನ್ನಡಕ ಹಾಕಿಕೊಳ್ಳುವುದರೊಳಗೆ ಸರ್ಕಾರಿ ವಕೀಲರು ಬಂದು ದಾವೆಯನ್ನು ಎತ್ತಿಕೊಂಡು ನಗರದಲ್ಲಿರುವ ಕೇಂದ್ರ ಸರ್ಕಾರದ ಫೆಡರಲ್ ಕೋರ್ಟಿಗೆ ಹೋದರು. ಹಾಗೆ ಒಯ್ಯಲು ಕಾನೂನು ಬಿಡುತ್ತದಂತೆ. ಗ್ರೆಟಾಗೆ ಬೇಸರವಾಗಲಿಲ್ಲ. ದೊಡ್ಡ ಕೋರ್ಟು, ದೊಡ್ಡ ಜಡ್ಜು, ಒಳ್ಳೆಯದೇ ಆಯಿತು ಎಂದಳು.

ನಾನು ಟ್ರಕ್ಕಿನಲ್ಲಿ ಓರಿನ್, ಗ್ರೆಟಾ ಇಬ್ಬರನ್ನೂ ನಗರಕ್ಕೆ ಕರೆದುಕೊಂಡು ಹೋದೆ. ನ್ಯಾಯಾಧೀಶೆ ಹ್ಯಾವರ್‌ಕ್ಯಾಂಪ್ ಬಿಳಿಗೂದಲಿನ, ಸಮಾಧಾನದ ಹೆಂಗಸು. ಸರ್ಕಾರದ ಪರ ನಿಂತವನು ಪೆಂಬರ್ಟನ್ ಎಂಬ ಯುವಕ. ಬಾಗಿಲಲ್ಲಿ ಓರಿನ್‌ನ ಕೈ ಕುಲುಕಿ, "ನಿಮ್ಮ ಸೇವೆಗೆ ದೇಶ ಋಣಿ," ಎಂದು ಹೇಳಿ ಒಳಗೆ ಹೋಗಿ ಎದ್ದು ನಿಂತ.

"ನ್ಯಾಯಾಧೀಶರೇ, ಸರ್ಕಾರ ತಾನಾಗಿ ಒಪ್ಪಿಕೊಂಡ ಕಡೆ ಮಾತ್ರ ಅದರ ಮೇಲೆ ದಾವೆ ಹೂಡಬಹುದು. ಕೌಂಟಿ ಕೋರ್ಟಿನಲ್ಲಿ ಹೂಡಲು ಸರ್ಕಾರ ಒಪ್ಪಿಲ್ಲ. ಆ ಕೋರ್ಟಿಗೆ ಅಧಿಕಾರ ಇರಲಿಲ್ಲ."

"ಇದು ಕೌಂಟಿ ಕೋರ್ಟ್ ಅಲ್ಲವಲ್ಲ," ಎಂದರು ನ್ಯಾಯಾಧೀಶೆ.

"ಅಲ್ಲ, ನ್ಯಾಯಾಧೀಶರೇ. ಆದರೆ ದಾವೆ ಅಲ್ಲಿಂದ ಬಂದಿದೆ. ಅಲ್ಲಿ ಇಲ್ಲದ ಅಧಿಕಾರ ದಾರಿಯಲ್ಲಿ ಹುಟ್ಟಿಕೊಳ್ಳುವುದಿಲ್ಲ."

ಗ್ರೆಟಾ ಎದ್ದಳು. "ಅಲ್ಲಿಂದ ಇಲ್ಲಿಗೆ ತಂದವರು ಯಾರಪ್ಪ?"

"ನಾವೇ."

"ನಾವೇ ಮೊದಲು ನೆಟ್ಟಗೆ ಇಲ್ಲಿಗೆ ಬಂದಿದ್ರೆ?"

"ಆಗ ಈ ನ್ಯಾಯಾಲಯಕ್ಕೆ ಅಧಿಕಾರ ಇರುತ್ತಿತ್ತು," ಎಂದ ಪೆಂಬರ್ಟನ್, ಮರ್ಯಾದೆಯಿಂದ.

ಓರಿನ್ ನನ್ನ ಕಿವಿಯ ಹತ್ತಿರ ಬಾಗಿದ. "ಇವರೇ ಹೊತ್ಕೊಂಡು ಬಂದು, ಇವರೇ ಯಾಕೆ ಬಂದೆ ಅಂತಾರಲ್ಲೋ."

ನ್ಯಾಯಾಧೀಶೆ ಹಣೆ ತಿಕ್ಕಿಕೊಂಡರು. ಕಾನೂನು ಹಾಗೇ ಇದೆ, ಹಿಂಬಾಗಿಲಿನಿಂದ ಬಂದದ್ದನ್ನು ನಾನು ಮುಟ್ಟುವಂತಿಲ್ಲ, ಹೊರಗೆ ಹೋಗಿ ಮುಂಬಾಗಿಲಿನಿಂದ ಬನ್ನಿ ಎಂದು ದಾವೆ ವಜಾ ಮಾಡಿದರು.

ಹಿಂತಿರುಗುವಾಗ ಓರಿನ್ ಅಂದ, "ನಮ್ಮ ಹಿರಿಯರು ಇಂಗ್ಲೆಂಡಿನ ರಾಜನನ್ನ ಓಡಿಸಿದ್ರು ಅಂತ ಸ್ಕೂಲಲ್ಲಿ ಹೇಳಿಕೊಟ್ಟಿದ್ರು."

"ರಾಜನನ್ನ ಓಡಿಸಿದ್ರು," ಎಂದಳು ಗ್ರೆಟಾ. "ಸಿಂಹಾಸನ ಚೆನ್ನಾಗಿತ್ತು ಅಂತ ಇಟ್ಕೊಂಡ್ರು."

ಇಷ್ಟು ದಿನ ಲೋಯಿಸ್ ಉಸಿರಾಡುತ್ತಿದ್ದದ್ದು ಹೇಗೆ ಎಂದರೆ, ನಮ್ಮ ಕೈಯಲ್ಲಿ. ಕರುಗಳಿಗೆ ಒಡೆಯನ ಗುರುತಿನ ಮುದ್ರೆ ಹಾಕುವ ಕಾಲದಲ್ಲಿ ಇಲ್ಲಿ ಯಾರೂ ಕೂಲಿಗೆ ಆಳು ಹಿಡಿಯುವುದಿಲ್ಲ. ಇವತ್ತು ನಿನ್ನ ಮನೆಗೆ ನಾವೆಲ್ಲ, ನಾಳೆ ನನ್ನ ಮನೆಗೆ ನೀವೆಲ್ಲ. ಒಬ್ಬ ಹಗ್ಗ ಎಸೆಯುತ್ತಾನೆ, ಇಬ್ಬರು ಕರು ಕೆಡವುತ್ತಾರೆ, ಮನೆಯ ಹೆಂಗಸು ಹೊಟ್ಟೆ ತುಂಬ ಊಟ ಹಾಕುತ್ತಾಳೆ. ಲೋಯಿಸ್‌ಳ ಕೊಳವೆಯೂ ಅದೇ ಮುಯ್ಯಾಳಿನ ಲೆಕ್ಕಕ್ಕೆ ಸೇರಿತು. ಪಾಲೆಟ್ ಹೋಗುವ ಮುಂಚೆ ವಿಲ್ಮಾ ಡ್ರೋಜ್‌ಗೆ ಕೆಲಸ ಹೇಳಿಕೊಟ್ಟಿದ್ದಳು, ವಿಲ್ಮಾ ಉಳಿದವರಿಗೆಲ್ಲ ಗದರಿಸಿ ಕಲಿಸಿದಳು. ವಿಲ್ಮಾ ಎಪ್ಪತ್ತು ದಾಟಿದ ವಿಧವೆ. ಅವಳಿಗೆ ಬಾರದ ಕೆಲಸ ಇದೆಯೆಂದು ಅವಳ ಬಾಯಿಂದ ಕೇಳಿದವರು ಯಾರೂ ಬದುಕಿಲ್ಲ.

ಗ್ರೆಟಾ ಮತ್ತೆ ದಾವೆ ಹೂಡಿದಳು, ಈ ಸಲ ಮುಂಬಾಗಿಲಿನಿಂದ. ದಾವೆ ಮುಗಿಯುವವರೆಗೆ ನರ್ಸನ್ನು ವಾಪಸು ಕಳಿಸಬೇಕೆಂದು ತುರ್ತು ಆದೇಶವನ್ನೂ ಕೇಳಿದಳು. ನರ್ಸ್ ಇಲ್ಲದಿದ್ದರೆ ಜೀವಕ್ಕೆ ಅಪಾಯ, ಇದು ಕಲಿತವರೇ ಮಾಡಬೇಕಾದ ಕೆಲಸ ಎಂದು ತೋರಿಸಬೇಕಿತ್ತು. ಸಾಕ್ಷಿಗೆ ವಿಲ್ಮಾ.

"ಇದ್ದದ್ದು ಇದ್ದ ಹಾಗೆ ಹೇಳು ವಿಲ್ಮಾ," ಎಂದು ಗ್ರೆಟಾ ದಾರಿಯುದ್ದಕ್ಕೂ ಹೇಳಿದಳು. "ಆದ್ರೆ ಬಡಾಯಿ ಮಾತ್ರ ಬೇಡ."

"ನಾನು ಯಾವತ್ತು ಬಡಾಯಿ ಕೊಚ್ಚಿಕೊಂಡಿದೀನಿ? ಈ ಕೌಂಟಿಯಲ್ಲಿ ನನ್ನಷ್ಟು ಬಡಾಯಿ ಇಲ್ಲದವಳು ಇನ್ನೊಬ್ಬಳು ಇದ್ರೆ ತೋರಿಸು."

ಗ್ರೆಟಾ ಆಮೇಲೆ ಕಿಟಕಿಯ ಕಡೆ ತಿರುಗಿ ಕೂತಳು.

ಕೋರ್ಟಿನಲ್ಲಿ ಪೆಂಬರ್ಟನ್ ಮೃದುವಾಗಿ ಶುರು ಮಾಡಿದ. "ಅಮ್ಮಾ, ನೀವು ನರ್ಸಿಂಗ್ ಕಲಿತಿದ್ದೀರಾ?"

"ಇಲ್ಲ."

ಗ್ರೆಟಾಳ ಬಿಗಿದ ಭುಜ ಸ್ವಲ್ಪ ಸಡಿಲವಾಯಿತು. ಓರಿನ್ ನೆಟ್ಟಗೆ ಕೂತ.

"ಹಾಗಾದರೆ ನಿಮ್ಮಂಥವರು ಆ ಕೊಳವೆ ಮುಟ್ಟುವುದು ರೋಗಿಗೆ ಅಪಾಯ ಅಲ್ಲವೇ?"

ಹೇಳಬೇಕಿದ್ದದ್ದು ಒಂದೇ ಪದ, ಹೌದು. ವಿಲ್ಮಾಳ ಕತ್ತು ಕೆಂಪಗಾಯಿತು.

"ಅಪಾಯ ಅಂತ ಯಾರೋ ನಿಂಗೆ ಹೇಳಿದ್ದು? ನನ್ನ ಕೈಗೆ ಬಂದ ಮೇಲೆ ಅವಳಿಗೆ ಒಂದು ಸಲಾನೂ ಸೋಂಕಾಗಿಲ್ಲ. ಆ ಪಾಲೆಟ್ ಇದ್ದಾಗ ಆಗಿತ್ತು, ಕೇಳಿ ನೋಡು."

"ಅಂದರೆ ನರ್ಸ್‌ಗಿಂತ ಚೆನ್ನಾಗಿ ಮಾಡುತ್ತೀರಿ?"

"ಹೋಲಿಸೋದು ನನ್ನ ಸ್ವಭಾವ ಅಲ್ಲ. ಹೌದು."

ನ್ಯಾಯಾಧೀಶೆ ಮುಂದೆ ಬಾಗಿದರು. "ಬೇರೆಯವರಿಗೂ ಕಲಿಸಿದ್ದೀರಾ?"

"ಎಲ್ಲರಿಗೂ." ವಿಲ್ಮಾ ನನ್ನ ಕಡೆ ಬೆರಳು ಮಾಡಿದಳು. "ಅಗೋ ಅವನನ್ನ ನೋಡಿ. ಗೇಟಿನ ಚಿಲಕ ನೆಟ್ಟಗೆ ಹಾಕೋಕೆ ಬರಲ್ಲ. ಅವನೇ ಕಲಿತ ಅಂದ್ಮೇಲೆ ಯಾರು ಬೇಕಾದ್ರೂ ಕಲೀಬಹುದು."

ಗ್ರೆಟಾ ಕಣ್ಣು ಮುಚ್ಚಿಕೊಂಡಳು. ಪೆಂಬರ್ಟನ್ ವಂದಿಸಿ ಕೂತ. ಅವನ ಮುಖದಲ್ಲಿ ಗೆದ್ದ ಗರ್ವ ಇರಲಿಲ್ಲ, ನಾಚಿಕೆಯಂಥದ್ದೇನೋ ಇತ್ತು.

ಆದೇಶ ಅವತ್ತೇ ಬಂತು. ಈ ಸಲ ನ್ಯಾಯಾಲಯಕ್ಕೆ ಪೂರ್ಣ ಅಧಿಕಾರ ಇದೆ ಎಂದು ನ್ಯಾಯಾಧೀಶೆ ಮೊದಲು ಸಾರಿದರು. ಗ್ರೆಟಾ ಇಷ್ಟು ದಿನ ಬೇಡಿದ್ದು ಆ ಒಂದು ವಾಕ್ಯವನ್ನೇ. ಆಮೇಲೆ ಆ ಅಧಿಕಾರವನ್ನು ಉಪಯೋಗಿಸಿ, ಇದು ಯಾರು ಬೇಕಾದರೂ ಮಾಡಬಹುದಾದ ಕೆಲಸ ಎಂಬ ಕಚೇರಿಯ ಮಾತು ತೀರ ಅಸಂಗತವೆನ್ನಲಾಗದು, ತುರ್ತಿನ ಅಪಾಯವೂ ಕಾಣದು ಎಂದು ನರ್ಸನ್ನು ನಿರಾಕರಿಸಿದರು. ನೆರೆಹೊರೆಯವರ ಮಮತೆಯನ್ನು ತುಂಬು ಮನಸ್ಸಿನಿಂದ ಹೊಗಳಿದರು.

ಓರಿನ್‌ನ ಮನೆ ಮುಟ್ಟಿದಾಗ ವಿಲ್ಮಾ ಟ್ರಕ್ಕಿನಿಂದ ಇಳಿಯಲಿಲ್ಲ. "ನಾನು ಬರಲ್ಲ. ಅವಳಿಗೆ ಮುಖ ತೋರಿಸೋದು ಹೇಗೆ?" ಎಂದಳು. ಅವಳು ಹಾಗೆ ಕುಗ್ಗಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಒಳಗೆ ಓರಿನ್ ಎಲ್ಲವನ್ನೂ ಹೇಳಿದ. ಲೋಯಿಸ್ ಚಾವಣಿ ನೋಡುತ್ತಾ ಕೇಳಿಸಿಕೊಂಡಳು. "ಕರ್ಕೊಂಡು ಬನ್ನಿ ಅವಳನ್ನ," ಎಂದಳು.

ವಿಲ್ಮಾ ಬಾಗಿಲಲ್ಲೇ ನಿಂತಳು.

"ನಾನು ಈಗ ಆ ಕಾರು ನಿಲ್ಲಿಸೋ ಜಾಗ ನೋಡ್ತಾ ಮಲಗಬೇಕಾ ವಿಲ್ಮಾ?"

"ನನ್ನ ಉಸಿರಿರೋ ತನಕ ಇಲ್ಲ."

"ನಿನ್ನ ವಯಸ್ಸಿಗೆ ಅದೇನು ಭಾರಿ ಮಾತಲ್ಲ ಬಿಡು. ನಿಜವಾಗ್ಲೂ ಅಂದ್ಯಾ, ಪಾಲೆಟ್‌ಗಿಂತ ಚೆನ್ನಾಗಿ ಅಂತ?"

"ಅಂದೆ."

"ಪ್ರಮಾಣ ಮಾಡಿ?"

"ಬೈಬಲ್ ಮೇಲೆ ಕೈಯಿಟ್ಟು."

ಲೋಯಿಸ್ ನಕ್ಕಳು. ನಕ್ಕದ್ದೇ ಕೊಳವೆಯಲ್ಲಿ ಗೊರಗೊರ ಸದ್ದೆದ್ದಿತು, ತುಟಿ ಕಪ್ಪಿಟ್ಟಿತು. ಓರಿನ್ ಯಂತ್ರದ ಕಡೆ ಧಾವಿಸಿದ. ವಿಲ್ಮಾ ಅವನನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ ಕೈ ತೊಳೆದಳು.

"ಸರಿ ಆ ಕಡೆ, ಸಾರ್ಜೆಂಟ್. ಇದು ಕಲಿತವರ ಕೆಲಸ ಅಲ್ಲವಂತೆ."

ಅವಳ ಬೆರಳು ನಡುಗುತ್ತಿದ್ದದ್ದು ನನಗೆ ಕಂಡಿತು, ಮೊದಲು ಹಾಗಿರಲಿಲ್ಲ. ಆದರೂ ನಳಿಕೆ ಮೆಲ್ಲಗೆ ಇಳಿಯಿತು, ಗೊರಗೊರ ನಿಂತಿತು, ಲೋಯಿಸ್‌ಳ ತುಟಿಗೆ ಬಣ್ಣ ಮರಳಿತು. ಮುಂದಿನ ಕರುವಿನ ಕಾಲಕ್ಕೆ ಈ ಕೈ ಹೇಗಿರುತ್ತದೋ ಎಂದು ನಾನೂ ಯೋಚಿಸಿದೆ, ಗ್ರೆಟಾಳೂ ಯೋಚಿಸಿರಬೇಕು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಓರಿನ್ ಅಡಿಗೆಮನೆಗೆ ಹೋಗಿ ಶುಶ್ರೂಷಾಲಯಕ್ಕೆ ಫೋನು ಮಾಡಿದ. ಯಾವುದಕ್ಕೂ ಇರಲಿ ಎಂದು ಅವನು ಕಾದಿರಿಸಿದ್ದ ಹಾಸಿಗೆ ಬೇಡವೆಂದು ಹೇಳುತ್ತಿದ್ದದ್ದು ನಮಗೆ ಕೇಳಿಸಿತು.

"ಇಲ್ಲ ಮೇಡಂ, ನರ್ಸ್ ಸಿಗಲಿಲ್ಲ," ಎಂದ, ಮೇಲಧಿಕಾರಿಗೆ ವರದಿ ಕೊಡುವವನ ಹಾಗೆ. "ಯಾಕೆ ಅಂದ್ರೆ, ಇಲ್ಲಿ ಬಹಳ ಚೆನ್ನಾಗಿ ನೋಡ್ಕೊಳ್ತಿದಾರಂತೆ. ಸರ್ಕಾರದವರೇ ಹೇಳಿದಾರೆ."