ಬೆರಳಗಲದ ನೀಲಿ

ನಾನು ಒಂದು ಸೀಸೆ. ಬಿಳಿಯಾಗಿ ಹುಟ್ಟಬೇಕಿತ್ತು, ನೀಲಿಯಾಗಿ ಹುಟ್ಟಿದೆ. ಅದರಲ್ಲಿ ನನ್ನ ತಪ್ಪೇನೂ ಇಲ್ಲ. ಹುಟ್ಟುವವರನ್ನು ಯಾರು ಕೇಳಿ ಹುಟ್ಟಿಸುತ್ತಾರೆ ಹೇಳಿ?

ಸೀಸೆಯಾಗುವ ಮೊದಲಿನದೆಲ್ಲ ನನಗೆ ಕನಸಿನ ಹಾಗೆ ನೆನಪಿದೆ. ಮರಳಾಗಿದ್ದಾಗ ನೀರಿನ ತಳದಲ್ಲಿ ಹೊರಳಾಡುತ್ತಿದ್ದೆ. ಸುಣ್ಣದ ಕಲ್ಲಾಗಿದ್ದಾಗ ಗುಡ್ಡದ ಹೊಟ್ಟೆಯಲ್ಲಿ ಮಲಗಿದ್ದೆ. ಸೋಡಾ ಪುಡಿಯಾಗಿದ್ದಾಗ ಚೀಲ ಬಿಚ್ಚಿದವರಿಗೆಲ್ಲ ಸೀನು ಬರಿಸುತ್ತಿದ್ದೆ. ಹಳೆಯ ಸೀಸೆಗಳ ಒಡಕು ಚೂರುಗಳೂ ನಾನೇ ಆಗಿದ್ದೆ. ಮರಳು ಬಲು ಹಟಮಾರಿ, ತಾನೊಂದೇ ಹೋದರೆ ಯಾವ ಬೆಂಕಿಗೂ ಬೇಗ ಬಗ್ಗುವುದಿಲ್ಲ. ಸೋಡಾ ಅದನ್ನು ಪುಸಲಾಯಿಸಿ ಕರಗಿಸುತ್ತದೆ. ಸುಣ್ಣ ಗಟ್ಟಿತನ ಕೊಡುತ್ತದೆ. ಹಿಂದೊಮ್ಮೆ ಕರಗಿ ಬಂದ ಚೂರುಗಳು ಎಲ್ಲರಿಗಿಂತ ಮೊದಲು ಕರಗಿ ಉಳಿದವರಿಗೆ ಧೈರ್ಯ ಹೇಳುತ್ತವೆ.

ಬಣ್ಣದ ಮಾತೇ ಬೇರೆ. ಮರಳಿನಲ್ಲಿ ಕಬ್ಬಿಣದ ಅಂಶವಿದ್ದರೆ ಗಾಜು ಹಸಿರು. ಅದಕ್ಕೆ ಇದ್ದಿಲು, ಗಂಧಕ ಸೇರಿದರೆ ಕಂದು. ಕೋಬಾಲ್ಟ್ ಎಂಬ ಕಪ್ಪು ಪುಡಿ ಚಿಟಿಕೆ ಬಿದ್ದರೆ ಸಾಕು, ನೀಲಿ. ಕಪ್ಪು ಪುಡಿಯ ಹೊಟ್ಟೆಯಲ್ಲಿ ನೀಲಿ ಹೇಗೆ ಅಡಗಿತ್ತೋ, ನನಗೂ ಗೊತ್ತಿಲ್ಲ.

ಬೆಳಗಾವಿ ಕಡೆಯ ಆ ಸಣ್ಣ ಕಾರ್ಖಾನೆಯಲ್ಲಿ ಇವನ್ನೆಲ್ಲ ತೂಗಿ ಕಲಸುವವನು ಮೌಲಾಸಾಬ. ಬಿಳಿ ಗಾಜಿಗೂ ಅವನು ಕೋಬಾಲ್ಟನ್ನು ಸಾಸಿವೆ ಕಾಳಿನಷ್ಟು ಹಾಕುತ್ತಿದ್ದ. ಧೋತರಕ್ಕೆ ನೀಲಿ ಹಾಕಿದಂತೆ ಅದು ಗಾಜಿನ ಹಳದಿ ಛಾಯೆಯನ್ನು ತೆಗೆಯುತ್ತದೆ. ಒಡಕು ಚೂರುಗಳನ್ನು ಬಣ್ಣ ನೋಡಿ ಬುಟ್ಟಿಬುಟ್ಟಿಗೆ ಆರಿಸುವವಳು ಬಾಳವ್ವ. ಗಂಡ ಸತ್ತ ವರ್ಷ ಕೆಲಸಕ್ಕೆ ಬಂದವಳು, ಹಿತ್ತಲಿನ ಬೇವಿನ ಮರದ ಕೆಳಗೆ ಗೋಣಿತಟ್ಟು ಹಾಸಿಕೊಂಡು ಇಪ್ಪತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ಬಾಳವ್ವನ ಕಣ್ಣು ದಾಟಿ ಒಂದು ಚೂರೂ ತಪ್ಪು ಬುಟ್ಟಿಗೆ ಹೋಗದು ಎಂಬ ಮಾತಿತ್ತು.

ನಾನು ಹುಟ್ಟಿದ ದಿನ ಬಿಳಿ ಸೀಸೆಗಳ ಪಾಳಿ. ಪನ್ನೀರಿನ ವ್ಯಾಪಾರಿಯೊಬ್ಬ ಕೇಳಿದ್ದ ಮಾಲು. ಊದುವವನು ಕೊಳವೆಯ ತುದಿಗೆ ನನ್ನನ್ನು ಎತ್ತಿ ಒಂದೇ ಉಸಿರು ತುಂಬಿದ. ಆ ಬೆಚ್ಚಗಿನ ಉಸಿರಿನಿಂದ ನನಗೆ ಹೊಟ್ಟೆ ಬಂತು, ಹೆಗಲು ಬಂತು, ಕತ್ತು ಬಂತು. ಆರಿದ ಮೇಲೆ ಬೆಳಕಿಗೆ ಹಿಡಿದವರು ಬಾಯಿ ಬಿಟ್ಟರು. ನಾನೂ ನನ್ನ ನೂರಾರು ಒಡಹುಟ್ಟಿದವರೂ ತಿಳಿನೀಲಿ! ಬೆಳಗಿನ ಜಾವದ ಆಕಾಶಕ್ಕೆ ಹಾಲು ಬೆರೆಸಿದಷ್ಟು ತೆಳು. ನನಗಂತೂ ಚೆಂದವೇ ಅನ್ನಿಸಿತು.

ಮಾಲೀಕ ರಾಚಪ್ಪ ಸಾವಕಾರರಿಗೆ ಅನ್ನಿಸಲಿಲ್ಲ. "ಗುಲಾಬಿ ಪನ್ನೀರು ಇದರಾಗ ಹಾಕಿದ್ರ ಹೆಂಗ ಕಾಣ್ತತಿ? ಮೌಲಾಸಾಬ, ಕೋಬಾಲ್ಟಿನ ಡಬ್ಬಿ ನಿನ್ನ ಕೈಯಾಗ ಇರೋದು. ಕೈ ನಡಗಾಕ ಹತ್ತೇತೇನು?"

ಮೌಲಾಸಾಬ ತನ್ನ ಬೆರಳುಗಳನ್ನೇ ನೋಡಿಕೊಂಡ. "ಇಲ್ರೀ ಸಾವ್ಕಾರ್ರ, ದಿನಾ ಹಾಕಿದಷ್ಟ ಹಾಕೀನಿ."

"ಹಂಗಾರ ನೀಲಿ ಮುಗಲಿಂದ ಉದುರಿತೇನು? ಶನಿವಾರಕ್ಕ ನಿನ್ನ ಕೆಲಸಾ ಮುಗೀತು."

ನಮ್ಮನ್ನು ಒಡೆದು ರಾಶಿ ಹಾಕಲು ಬಾಳವ್ವನ ಮುಂದೆ ಸುರಿದರು. ಅವಳು ನನ್ನನ್ನು ಎತ್ತಿ ಬಿಸಿಲಿಗೆ ಹಿಡಿದಳು. ತಿರುಗಿಸಿದಳು. ಕಣ್ಣು ತಿಕ್ಕಿಕೊಂಡು ಮತ್ತೆ ಹಿಡಿದಳು. ಅವಳ ಮುಖ ಸಣ್ಣದಾಯಿತು. ಉಳಿದವರನ್ನೆಲ್ಲ ಒಡೆದಳು, ನನ್ನೊಬ್ಬನನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಒಯ್ದಳು.

ಬೆಳಿಗ್ಗೆ ನನ್ನನ್ನು ಕಿಟಕಿಯಲ್ಲಿಟ್ಟು ಎದುರಿಗೆ ಕೂತಳು. "ಎಲ್ಲಾರೂ ನೀಲಿ ಅಂತಾರ. ನನಗ ನೀ ಬೆಳ್ಳಗ ಕಾಣಸ್ತೀಯಲ್ಲೋ," ಎಂದಳು. ಆಮೇಲೆ ಟ್ರಂಕಿನಿಂದ ಒಂದು ಸೀರೆ ತೆಗೆದಳು. ಅಂಗಡಿಯಲ್ಲಿ ಅರ್ಧ ದಿನ ಕೂತು ಅವಳೇ ಆರಿಸಿ ತಂದಿದ್ದ ನೀಲಿ ಸೀರೆಯಂತೆ. ನನ್ನ ಪಕ್ಕದಲ್ಲಿ ಹರಡಿ ನೋಡಿದಳು. ನನಗೆ ಅದು ಎದ್ದು ಕಾಣುವ ನೀಲಿ. ಅವಳು ಅದರ ಮೇಲೆ ಕೈಯಾಡಿಸಿ ಮೆಲ್ಲಗೆ ಅಂದಳು: "ಬೂದಿ. ಒಲಿ ಬೂದಿ ಕಂಡಂಗ ಕಾಣಾಕ ಹತ್ತೇತಿ."

ನನಗೆ ಆಗ ಹೊಳೆಯಿತು, ಅವಳಿಗೂ ಹೊಳೆಯಿತು. ಅವಳ ಕಣ್ಣಿನೊಳಗಿಂದ ನೀಲಿ ಸದ್ದಿಲ್ಲದೆ ಎದ್ದು ಹೋಗಿತ್ತು. ಬಿಳಿ ಬುಟ್ಟಿಗೆ ಅವಳೇ ನೀಲಿ ಚೂರುಗಳನ್ನು ಹಾಕಿದ್ದಳು, ಅವೇ ನಮ್ಮೊಂದಿಗೆ ಕರಗಿದ್ದವು. ನಾನು ಮೌಲಾಸಾಬನ ಕೈ ನಡುಗಿ ಹುಟ್ಟಿದವನಲ್ಲ.

ಅವಳು ಸೀರೆಯನ್ನು ಮಡಚಿ ಟ್ರಂಕಿನಲ್ಲಿಟ್ಟಳು. ಬಾಯಿ ಮುಚ್ಚಿಕೊಂಡರೆ ಅವಳ ಅನ್ನ ಉಳಿಯುತ್ತಿತ್ತು, ಬಿಚ್ಚಿದರೆ ಮೌಲಾಸಾಬನದು. ಸುಮ್ಮನಿರು ತಾಯಿ ಎಂದು ನಾನು ಮನಸ್ಸಿನಲ್ಲೇ ಅಂದೆ. ಸುಳ್ಳೇಕೆ ಹೇಳಲಿ, ಅವಳ ಕಿಟಕಿ ನನಗೆ ಹಿಡಿಸಿಬಿಟ್ಟಿತ್ತು.

ಆದರೆ ಅವಳು ನನ್ನನ್ನೆತ್ತಿಕೊಂಡು ಸೀದಾ ಸಾವಕಾರರ ಮೇಜಿನ ಮೇಲೆ ಕುಕ್ಕಿದಳು. "ತಪ್ಪು ಮೌಲಾಣ್ಣಂದಲ್ರಿ. ನಂದು. ನನಗ ನೀಲಿ ಕಾಣವಲ್ದು."

"ಮೊದಲ ಯಾಕ ಹೇಳಲಿಲ್ಲ?"

"ಕಾಣದ್ದು ಕಾಣವಲ್ದು ಅಂತ ಹೆಂಗ ಗೊತ್ತಾಗ್ತತ್ರಿ?"

ಸಾವಕಾರರ ಸಿಟ್ಟು ಇಳಿಯಲಿಲ್ಲ. ಈಗ ಅವಳಿಗೇ ಕೆಲಸ ಬಿಟ್ಟು ಮನೆಗೆ ಹೋಗು ಎಂದರು. ಆಗ ಮೌಲಾಸಾಬ ಬಾಗಿಲಲ್ಲಿ ನಿಂತು ಹೇಳಿದ, "ಕಣ್ಣಿಗೆ ಪೊರಿ ಬಂದಿರಬೇಕ್ರೀ. ನಮ್ಮ ಅಮ್ಮಾಗೂ ಬಂದಿತ್ತು, ತಗಿಸಿದ್ವಿ. ಆಕಿ ಬರೋಮಟ ಚೂರು ನಾ ಆರಸ್ತೀನಿ. ಜಾಗಾ ಮಾತ್ರ ಬ್ಯಾರೇದಾರಿಗೆ ಕೊಡಬ್ಯಾಡ್ರಿ."

ಸಾವಕಾರರು ಗೊಣಗಿದರು. "ಆತು. ಆದ್ರ ಬಂದ ದಿನಾ ಪರೀಕ್ಷಾ ಆಗಬೇಕು. ಒಂದ ಚೂರು ತಪ್ಪಿದ್ರೂ ಇಲ್ಲ."

ಅವಳು ನನ್ನನ್ನು ಮರಳಿ ಮನೆಗೆ ತಂದಿಟ್ಟು ಆಸ್ಪತ್ರೆಗೆ ಹೋದ ದಿನಗಳಲ್ಲಿ ನಾನು ಕಿಟಕಿಯಲ್ಲಿ ಒಬ್ಬನೇ ಕನಸು ಕಾಣುತ್ತಿದ್ದೆ. ಬಿಸಿಲು ನನ್ನೊಳಗೆ ಹಾದು ನೆಲದ ಮೇಲೆ ನೀಲಿ ಕೊಳವಾಗುತ್ತಿತ್ತು. ಮರಳಾಗಿದ್ದಾಗಿನ ನೀರು ಹುಡುಕಿಕೊಂಡು ಬಂತೇನೋ ಅನ್ನಿಸುತ್ತಿತ್ತು. ಒಂದು ಬೆಳಿಗ್ಗೆ ಬಾಗಿಲು ತೆರೆಯಿತು. ಬಾಳವ್ವ ಕಪ್ಪು ಕನ್ನಡಕ ತೆಗೆದು ಆ ಕೊಳವನ್ನು ನೋಡಿದಳು, ಆಮೇಲೆ ನನ್ನನ್ನು.

"ಯವ್ವಾ ನನ್ನವ್ವಾ! ನೀ ಇಷ್ಟ ಚೆಂದ ಇದ್ದೇನೋ!"

ಕೆನ್ನೆಗೊತ್ತಿಕೊಂಡು ಅತ್ತಳು. ಹುಟ್ಟಿದ ಮೇಲೆ ನನ್ನನ್ನು ಯಾರಾದರೂ ಚೆಂದ ಅಂದದ್ದು ಅದೇ ಮೊದಲು. ಆ ಸುಖ ಎಷ್ಟು ದಿನ ಅಂತೀರಿ? ಪರೀಕ್ಷೆಯ ಬೆಳಿಗ್ಗೆ ಅವಳೇ ನನ್ನನ್ನು ಸಾವಕಾರರ ಕೈಗೆ ಕೊಟ್ಟಳು. "ಇದನ್ನ ಒಡದು ಬಿಳಿ ರಾಶಿಯಾಗ ಕಲಸ್ರಿ. ಇದಕ್ಕಿಂತ ತೆಳು ನೀಲಿ ಎಲ್ಲೂ ಸಿಗಂಗಿಲ್ಲ. ಗಟ್ಟಿ ನೀಲಿ ಯಾರರ ಹುಡಕ್ತಾರ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮುದ್ದು ಮಾಡಿ ಮಡಿಲಲ್ಲಿಟ್ಟುಕೊಂಡವಳು ಹೀಗೆ ಮಾಡುವುದೇ? ಬೈದು ಮುಗಿಸುವಷ್ಟರಲ್ಲಿ ಸುತ್ತಿಗೆ ಬಿತ್ತು. ನೋವಾಗಲಿಲ್ಲ. ಹಠಾತ್ತನೆ ಹಲವರಾದೆ ಅಷ್ಟೇ.

ಬಾಳವ್ವ ಬೇವಿನ ಕೆಳಗೆ ಕೂತು ರಾಶಿ ಕೆದರಿದಳು. ನನ್ನ ತಳ ಸಿಕ್ಕಿತು. ಹೊಟ್ಟೆ ಸಿಕ್ಕಿತು. ಕತ್ತು ಸಿಕ್ಕಿತು. ಸೀರೆಯ ಮಡಿಲಲ್ಲಿ ಚೂರಿಗೆ ಚೂರು ಕೂಡಿಸುತ್ತ ಹೋದಳು. "ಸಾಕು ಬಿಡವಾ, ಎಲ್ಲಾ ಬಂದಾವು," ಎಂದರು ಸಾವಕಾರರು. ಮೌಲಾಸಾಬನೂ ತಲೆಯಾಡಿಸಿದ.

"ಇಲ್ರೀ, ಹೆಗಲ ಮ್ಯಾಲೆ ಬೆರಳಗಲ ಜಾಗಾ ಖಾಲಿ ಐತಿ."

ಆ ಬೆರಳಗಲದ ಚೂರೇ ನಾನು. ಬಿಳಿ ಚೂರುಗಳ ಅಡಿಯಲ್ಲಿ, ನಾನೇ ನನ್ನನ್ನು ನೀಲಿ ಎಂದು ನಂಬಲಾರದಷ್ಟು ತೆಳುವಾಗಿ ಬಿದ್ದಿದ್ದೆ. ನೂರು ಚೂರು ಎತ್ತಿ ಇಟ್ಟಳು. ನೂರಾ ಒಂದನೆಯದು ನಾನು. ಬಿಸಿಲಿಗೆ ಹಿಡಿದಳು. ಯಾರನ್ನೂ ಕೇಳದೆ ಅಂದಳು: "ನೀಲಿ."

ಸಾವಕಾರರು ಅವಳ ಬುಟ್ಟಿಗಳನ್ನು ತಾವೇ ಕಾಲಿನಿಂದ ಅವಳ ಹತ್ತಿರಕ್ಕೆ ಸರಿಸಿ ಒಳಗೆ ಹೋದರು.

ಉಳಿದ ಚೂರುಗಳು ನೀಲಿ ಪಾಳಿಯಂದು ಕುಲುಮೆಗೆ ಹೋದವು. ಈಗ ಯಾವ ಊರಿನ ಯಾವ ಅಟ್ಟದ ಮೇಲೆ ಕಡುನೀಲಿ ಸೀಸೆಗಳಾಗಿ ಕೂತಿವೆಯೋ. ಒಮ್ಮೊಮ್ಮೆ ನನ್ನ ಕತ್ತಿನಲ್ಲಿ ಯಾರೋ ಬಿರಡೆ ಬಿಗಿದ ಹಾಗಾಗುತ್ತದೆ, ಕತ್ತೇ ಇಲ್ಲದ ನನಗೆ. ನನ್ನನ್ನು ಮಾತ್ರ ಬಾಳವ್ವ ಅಂಚು ತಿಕ್ಕಿ ನಯ ಮಾಡಿ ಕಿಟಕಿಯಲ್ಲಿಟ್ಟಿದ್ದಾಳೆ. ಎಷ್ಟೋ ಮಳೆಗಾಲಗಳಾದವು. ಅವಳ ತಲೆ ನಾನು ಹುಟ್ಟಬೇಕಿದ್ದ ಬಣ್ಣಕ್ಕೆ ತಿರುಗಿದೆ. ನೆಲದ ಕೊಳ ಈಗ ಒಂದು ಹನಿಯಷ್ಟೇ.

ಆದರೂ ದಿನಾ ಬೆಳಿಗ್ಗೆ, ಬುತ್ತಿ ಕಟ್ಟಿಕೊಂಡ ಮೇಲೆ, ಅವಳು ನನ್ನನ್ನು ಎರಡು ಬೆರಳಲ್ಲಿ ಎತ್ತಿ ಬಿಸಿಲಿಗೆ ಹಿಡಿಯುತ್ತಾಳೆ. ನನ್ನ ನೀಲಿ ಇಂದೂ ಅವಳಿಗೆ ಕಂಡೀತೇ ಎಂದು ಕಾಯುತ್ತೇನೆ. "ಇದ್ದೀಯಲ್ಲಪ್ಪಾ," ಎನ್ನುತ್ತಾಳೆ. ನನ್ನನ್ನು ಕೆಳಗಿಟ್ಟು ಕೆಲಸಕ್ಕೆ ಹೋಗುತ್ತಾಳೆ.